ಜಯಪತ್ರ ಮತ್ತು ಡೋಲಿ: ಮೊಹರಂ ವಾರದ ಒಂದು ತಿರುಗಾಟ

ಹುಬ್ಬಳ್ಳಿಯ ನವನಗರದಲ್ಲಿ ಕಾನೂನು ಓದುತ್ತಿರುವ ನನ್ನ ತಂಗಿಯ ಮಗ ಕೆಲವು ತಿಂಗಳುಗಳಿಂದ ಒಂದೇ ಮಾತು ಹಿಡಿದಿದ್ದಾನೆ. ದೇವರು, ಧರ್ಮ ಎಂಬುವು ಜನರನ್ನು ಒಡೆಯುತ್ತ ಬಂದಿವೆಯೇ ಹೊರತು ಕೂಡಿಸಿದ್ದು ಕಡಿಮೆ, ನಮ್ಮ ಭಾಗದವರು ಅಭಿಮಾನದಿಂದ ಹೇಳಿಕೊಳ್ಳುವ ಭಾವೈಕ್ಯ ವೇದಿಕೆ ಇಳಿದ ಮೇಲೆ ಉಳಿಯುವುದಿಲ್ಲ ಎಂಬುದು ಅವನ ವಾದ. ನನ್ನ ನಂಬಿಕೆ ಬೇರೆ. ಜನ ಒಂದು ದೇವರ ಸುತ್ತ ಕೆಲಸವನ್ನು, ಖರ್ಚನ್ನು, ಹೊಣೆಯನ್ನು ಪಾಲು ಹಂಚಿಕೊಂಡಲ್ಲಿ ನಂಬಿಕೆ ಅವರನ್ನು ಕೂಡಿಸುತ್ತದೆ. ಅದೇ ನಂಬಿಕೆ ಗೆಲ್ಲಲು ಹೊರಟಾಗ ಒಡೆಯುತ್ತದೆ. ಮನೆಯಲ್ಲಿ ಕೂತು ವಾದ ಬೆಳೆಸುವುದಕ್ಕಿಂತ ಊರು ತಿರುಗಿ ನೋಡುವುದು ಮೇಲೆಂದು ಇಬ್ಬರೂ ಒಪ್ಪಿ, ಮೊಹರಂ ಮುಗಿಯುವ ವಾರವನ್ನು ಆರಿಸಿಕೊಂಡು, ಹುಬ್ಬಳ್ಳಿಯಿಂದ ಹೊರಟು ಹಾವೇರಿ ಜಿಲ್ಲೆಯನ್ನು ಹಾಯ್ದು ಗದಗ ಮುಟ್ಟುವ ದಾರಿ ಹಾಕಿಕೊಂಡೆವು. ಮುಂಗಾರು ಚೆನ್ನಾಗಿ ಹಿಡಿದಿತ್ತು. ದಾರಿಯುದ್ದಕ್ಕೂ ಹೆಸರು, ಶೇಂಗಾದ ಹೊಲಗಳಲ್ಲಿ ಎಡೆ ಹೊಡೆಯುವ ಕೆಲಸ ನಡೆದಿತ್ತು.

ಮಂಗಳವಾರ: ಹುಬ್ಬಳ್ಳಿ

ಎಲ್ಲಿಂದ ಆರಂಭಿಸಬೇಕೆಂಬುದನ್ನು ಅವನಿಗೇ ಬಿಟ್ಟೆ. ಅವನು ನನ್ನನ್ನು ನೇರವಾಗಿ ಚನ್ನಮ್ಮ ವೃತ್ತದ ಮಗ್ಗುಲಿನ ಈದ್ಗಾ ಮೈದಾನಕ್ಕೆ ಕರೆದೊಯ್ದ. "ಇದನ್ನ ನೋಡದ ಮುಂದ ಹೋದ್ರ ನಮ್ಮ ತಿರುಗಾಟಕ್ಕ ಅರ್ಥ ಇಲ್ಲ ಮಾಮಾ" ಎಂದ. ಸುತ್ತಲೂ ಬಸ್ಸು, ಆಟೋ, ಅಂಗಡಿಗಳ ಗದ್ದಲವಿದ್ದರೂ ಆ ಬಯಲು ಖಾಲಿಯಾಗಿತ್ತು. 1921ರಲ್ಲಿ ಪುರಸಭೆ ಈ ಜಾಗವನ್ನು ಅಂಜುಮನ್ ಸಂಸ್ಥೆಗೆ 999 ವರ್ಷಗಳ ಲೀಸಿಗೆ ಕೊಟ್ಟಿತ್ತು. ವರ್ಷಕ್ಕೆ ಎರಡು ಸಲ, ರಂಜಾನ್ ಮತ್ತು ಬಕ್ರೀದ್ ದಿನಗಳಂದು, ಇಲ್ಲಿ ಸಾಮೂಹಿಕ ನಮಾಜು ನಡೆಯುತ್ತ ಬಂದಿದೆ. ಕಟ್ಟಡ ಕಟ್ಟುವ ಪ್ರಶ್ನೆಯಿಂದ ಎದ್ದ ವ್ಯಾಜ್ಯ ಒಂದೊಂದೇ ನ್ಯಾಯಾಲಯದ ಮೆಟ್ಟಿಲು ಹತ್ತಿತು. 1990ರ ದಶಕದಲ್ಲಿ ಅದೇ ಬಯಲಿನಲ್ಲಿ ರಾಷ್ಟ್ರಧ್ವಜ ಹಾರಿಸುವ ಚಳವಳಿ ನಡೆದು, 1994ರ ಆಗಸ್ಟ್ 15ರಂದು ಪೊಲೀಸರ ಗುಂಡಿಗೆ ಜನ ಪ್ರಾಣ ಕಳೆದುಕೊಂಡರು. 2010ರಲ್ಲಿ ಸುಪ್ರೀಂ ಕೋರ್ಟು ಪಾಲಿಕೆಯ ಪರವಾಗಿ ತೀರ್ಪು ಕೊಟ್ಟಿತು. 2022ರಲ್ಲಿ ಹೈಕೋರ್ಟಿನ ಧಾರವಾಡ ಪೀಠದ ಆದೇಶ ರಾತ್ರಿ ಹೊತ್ತು ಹೊರಬಿದ್ದು, ಮರುದಿನ ಇಲ್ಲಿ ಗಣಪತಿಯನ್ನು ಕೂಡ್ರಿಸಲಾಯಿತು.

ಅಳಿಯ ಈ ಎಲ್ಲವನ್ನೂ ಪ್ರಕರಣದ ಸಂಖ್ಯೆಗಳ ಸಹಿತ ಹೇಳಿದ. ಕೇಳುತ್ತ ನನಗೆ ಹೊಳೆದದ್ದೆಂದರೆ, ಇಷ್ಟು ವರ್ಷಗಳ ಈ ಕಥೆಯಲ್ಲಿ ದೇವರು ಹೇಗಿರುವನು, ಹೇಗೆ ಪ್ರಾರ್ಥಿಸಬೇಕು ಎಂಬ ಮಾತು ಎಲ್ಲಿಯೂ ಬರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಬಂದದ್ದು ಜಾಗ ಯಾರದು ಎಂಬ ಮಾತು. ಈ ಬಯಲಿನಲ್ಲಿ ಎರಡೂ ಕಡೆಯವರು ಕೂಡಿ ಮಾಡಬೇಕಾದ ಒಂದು ಕೆಲಸವೂ ಇರಲಿಲ್ಲವೆಂಬುದು, ನನ್ನ ಮಟ್ಟಿಗೆ, ಲೀಸಿನ ಕರಾರಿಗಿಂತ ದೊಡ್ಡ ಸಂಗತಿ.

ಮಧ್ಯಾಹ್ನ ಸಿದ್ಧಾರೂಢ ಮಠಕ್ಕೆ ಹೋದೆವು. ಬೀದರ ಸೀಮೆಯ ಚಳಕಾಪುರದಲ್ಲಿ 1836ರಲ್ಲಿ ಹುಟ್ಟಿ, ಗುರುವನ್ನು ಹುಡುಕುತ್ತ ದೇಶ ತಿರುಗಿ, ಕೊನೆಗೆ ಹುಬ್ಬಳ್ಳಿಯಲ್ಲಿ ನೆಲೆ ನಿಂತು 1929ರಲ್ಲಿ ದೇಹ ಬಿಟ್ಟ ಸಿದ್ಧಾರೂಢರ ಬಳಿಗೆ ಜಾತಿ ಕೇಳದೆ ಜನ ಬಂದರು. ಅವರ ಶಿಷ್ಯವರ್ಗದಲ್ಲಿ ಕಬೀರದಾಸರಂಥವರೂ (ಉತ್ತರದ ಹಳೆಯ ಸಂತ ಕಬೀರರಲ್ಲ) ಇದ್ದರು. ಇಂದು ಊರಿನ ರೈಲು ನಿಲ್ದಾಣಕ್ಕೂ ಅವರದೇ ಹೆಸರು. ನಾವು ದಾಸೋಹದ ಪಂಕ್ತಿಯಲ್ಲಿ ಕೂತಾಗ ನನ್ನ ಎಡಕ್ಕೆ ಎ.ಪಿ.ಎಂ.ಸಿ.ಯಲ್ಲಿ ಚೀಲ ಹೊರುವವರೊಬ್ಬರು, ಬಲಕ್ಕೆ ಮಗಳ ಮದುವೆಯ ಹರಕೆ ತೀರಿಸಲು ಬಂದ ತಾಯಿಯೊಬ್ಬರು ಇದ್ದರು. ಸಾರು ಬಡಿಸುತ್ತಿದ್ದ ಹುಡುಗ ಯಾರ ಮುಖವನ್ನೂ ನೋಡದೆ ತಟ್ಟೆಯನ್ನಷ್ಟೇ ನೋಡಿ ಮುಂದೆ ಹೋಗುತ್ತಿದ್ದ. ಹೊರಗೆ ಬಂದ ಮೇಲೆ ಅಳಿಯ ಕೇಳಿದ: "ಊಟಕ್ಕ ಕೂಡ್ಯಾರ, ಖರೆ. ಹೆಣ್ಣು ಕೊಟ್ಟು ತರೂದಕ್ಕ ಕೂಡ್ತಾರೇನು ಮಾಮಾ?" ಈ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡಬಾರದು. ಕೂಡುವುದಿಲ್ಲ. ಆದರೆ ಕೂಡಿ ಉಣ್ಣುವುದಕ್ಕೂ ನಮ್ಮ ಹಿರಿಯರ ಕಾಲದಲ್ಲಿ ಎಷ್ಟು ಜಗಳವಾಗಿತ್ತೆಂಬುದನ್ನು ಮರೆತು ಪಂಕ್ತಿಯನ್ನು ಸಣ್ಣದೆಂದು ಕಾಣುವುದೂ ಸರಿಯಲ್ಲ.

ಬುಧವಾರ: ಧಾರವಾಡ, ಕುಂದಗೋಳ

ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರ ಮನೆಯ ಹೆಸರು ಮೃತ್ಯುಂಜಯ. ಅವರು ದೈವವೆಂದು ನಂಬಿದ್ದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳ ಹೆಸರು ಅದು. ಈ ಅಪ್ಪಟ ಶರಣ ಭಕ್ತನಿಗೆ ರಾಗದ ದೀಕ್ಷೆ ಕೊಟ್ಟವರು ಅಲ್ಲಾದಿಯಾ ಖಾನರ ಮಗ ಮಂಜಿ ಖಾನರು. ಅವರು ಅಕಾಲದಲ್ಲಿ ತೀರಿಕೊಂಡ ಮೇಲೆ ಅವರ ತಮ್ಮ ಭುರ್ಜಿ ಖಾನರು. ಇದೇ ಊರಿನಲ್ಲಿ ನೆಲೆಸಿ ಸಿತಾರದ ಪರಂಪರೆಯೊಂದನ್ನು ಬೆಳೆಸಿದವರು ರಹಿಮತ್ ಖಾನರು. ಮಧ್ಯಾಹ್ನ ಕುಂದಗೋಳಕ್ಕೆ ಹೋಗಿ ನಾಡಗೇರ ವಾಡೆಯ ಮುಂದೆ ನಿಂತೆವು. ಬ್ರಾಹ್ಮಣ ಜಹಗೀರುದಾರರ ಈ ವಾಡೆಯಲ್ಲಿ ಅಬ್ದುಲ್ ಕರೀಮ್ ಖಾನರು ಉಳಿದುಕೊಂಡು ಸವಾಯಿ ಗಂಧರ್ವರಿಗೆ ವಿದ್ಯೆ ಹೇಳಿದರು, ಮುಂದೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಲ್ಲಿ ಕಲಿತರು. ಖಾನ್ ಸಾಹೇಬರು ತಮ್ಮ ನಮಾಜು ಬಿಡಲಿಲ್ಲ, ಮನ್ಸೂರರು ತಮ್ಮ ಇಷ್ಟಲಿಂಗ ಬಿಡಲಿಲ್ಲ. ಗುರುವಿನ ಎದುರಿಗೆ ವರ್ಷಗಟ್ಟಲೆ ಕೂತು, ಬೈಸಿಕೊಂಡು, ಅದೇ ಸ್ವರವನ್ನು ಮತ್ತೆ ಮತ್ತೆ ಹಚ್ಚಬೇಕಾದ ಆ ಕೆಲಸದಲ್ಲಿ ಒಬ್ಬರನ್ನೊಬ್ಬರು ಬಿಟ್ಟುಕೊಡಲು ಆಗುತ್ತಿರಲಿಲ್ಲ, ಅಷ್ಟೇ.

ಅಳಿಯ ಸಂಗೀತದ ಮಾತನ್ನು ಒಪ್ಪಿದರೂ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ರಸ್ತೆಯಲ್ಲಿ ನನ್ನನ್ನು ಕೆಲ ಹೊತ್ತು ನಿಲ್ಲಿಸಿದ್ದ. 2015ರ ಆಗಸ್ಟ್ 30ರ ಬೆಳಿಗ್ಗೆ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಂದದ್ದು ಈ ಬಡಾವಣೆಯಲ್ಲಿ. ಶಾಸನ ಓದುತ್ತ, ವಚನಗಳ ಪಾಠ ಶೋಧಿಸುತ್ತ ಜೀವ ಸವೆಸಿದ ವಿದ್ವಾಂಸರ ಮಾತು ಕೆಲವರಿಗೆ ಸಹಿಸಲಾಗದೆ ಹೋಯಿತು. ಸಂಗೀತದ ಊರು, ವಿದ್ಯೆಯ ಊರು ಎಂದು ನಾವು ಹೆಮ್ಮೆಪಡುವ ಊರೇ ಇದು. ಅಲ್ಲಿ ನಾನು ಅವನಿಗೆ ಎದುರು ವಾದಿಸಲಿಲ್ಲ.

ಗುರುವಾರ: ಕಳಸ, ಶಿಶುನಾಳ, ಹುಲಗೂರು

ಕುಂದಗೋಳ ತಾಲ್ಲೂಕಿನ ಕಳಸದಿಂದ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳ ಅಂದರೆ ಶಿಶುನಾಳ, ಅಲ್ಲಿಂದ ಹುಲಗೂರು: ಈ ಮೂರು ಊರುಗಳನ್ನು ಒಂದೇ ದಿನ ನೋಡಬೇಕೆಂಬುದು ನನ್ನ ಹಟವಾಗಿತ್ತು. ಶರೀಫರ ಕಥೆಯನ್ನು ಶಿಶುನಾಳದಲ್ಲಿ ಮಾತ್ರ ನಿಂತು ಕೇಳಿದರೆ ಅದು ಒಬ್ಬ ದೊಡ್ಡ ಸಂತನ ಕಥೆಯಾಗುತ್ತದೆ. ಮೂರೂ ಊರುಗಳನ್ನು ಸೇರಿಸಿ ನೋಡಿದರೆ ಮಾತ್ರ ಹಲವರು ಕೂಡಿ ಹೊತ್ತ ಒಂದು ಹೊಣೆಯ ಕಥೆ ಕಾಣುತ್ತದೆ.

ಹುಲಗೂರಿನ ಹಜರೇಶಾ ಖಾದರಿಯವರಿಗೆ ನಡೆದುಕೊಳ್ಳುತ್ತಿದ್ದ ಇಮಾಮ ಸಾಹೇಬರು ಮತ್ತು ಹಜ್ಜೂಮಾ ದಂಪತಿಗೆ 1819ರಲ್ಲಿ ಹುಟ್ಟಿದ ಮಗ ಶರೀಫ. ಮುಲ್ಕಿ ಪರೀಕ್ಷೆ ಮುಗಿಸಿ ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿದವರು. ಮಗನಿಗೆ ತಕ್ಕ ಗುರು ಕಳಸದ ಗೋವಿಂದಭಟ್ಟರೆಂದು ತಂದೆಯೇ ಅವರ ಕೈಗೆ ಒಪ್ಪಿಸಿದರೆಂದು ಈ ಭಾಗದವರು ಹೇಳುತ್ತಾರೆ. ಮುಸಲ್ಮಾನ ಹುಡುಗನನ್ನು ಬಗಲಲ್ಲಿ ಕೂಡ್ರಿಸಿಕೊಂಡು ಉಂಡ ಭಟ್ಟರಿಗೆ ಅಗ್ರಹಾರದವರಿಂದಲೂ, ಭಟ್ಟರ ಹಿಂದೆ ಹೋದ ಶರೀಫರಿಗೆ ತಮ್ಮವರಿಂದಲೂ ಬಿರುಸಿನ ವಿರೋಧ ಬಂತು. ಭಟ್ಟರು ಶಿಷ್ಯನ ಕೊರಳಿಗೆ ಜನಿವಾರ ಹಾಕಿದ ಪ್ರಸಂಗವನ್ನು ಕಳಸದಲ್ಲಿ ಹಿರಿಯರೊಬ್ಬರು ನಮಗೆ ಹೇಳಿದಾಗ, ಅಳಿಯ ಕೂಡಲೇ ಕೇಳಿದ: "ಅಂದ್ರ ಅವರನ್ನ ಬ್ರಾಹ್ಮಣರನ್ನಾಗಿ ಮಾಡಿದ್ರು ಅಂತನ ಆತಲ್ರೀ ಅಜ್ಜಾರ?" ಆ ಹಿರಿಯರು ಸಿಟ್ಟಾಗಲಿಲ್ಲ. "ತಮ್ಮಾ, ಹಾಕಿದ ಮ್ಯಾಲೂ ಅಂವ ಮಸೂತಿಗೆ ಹೋಗೂದು ಬಿಡಲಿಲ್ಲ, ಇವರು ಬಿಡು ಅನಲಿಲ್ಲ. ಅದನ್ನ ನೋಡು" ಎಂದರು.

ಶಿಶುನಾಳದ ಗದ್ದುಗೆಯ ಮುಂದೆ ನಾವು ಬಹಳ ಹೊತ್ತು ಕೂತೆವು. 1889ರಲ್ಲಿ ಶರೀಫರು ದೇಹ ಬಿಟ್ಟಾಗ ಎರಡೂ ಕಡೆಯವರು ತಂತಮ್ಮ ವಿಧಿಗಳನ್ನು ನಡೆಸಿದರಂತೆ. ಆ ಏರ್ಪಾಡು ಇಂದಿಗೂ ಮುಂದುವರಿದಿದೆ. ನಾವು ಕೂತಿದ್ದಾಗ ಹಾನಗಲ್ಲ ಕಡೆಯ ಒಂದು ಕುಟುಂಬ ತಿಂಗಳ ಕೂಸನ್ನು ಕರೆತಂದಿತು. ಕೂಸಿನ ಅಜ್ಜಿ ಸೆರಗಿನ ತುದಿಯಲ್ಲಿ ಕಟ್ಟಿ ತಂದಿದ್ದ ಸಕ್ಕರೆಯನ್ನು ಬಿಚ್ಚಿ ಅದಕ್ಕೆ ಮುಸಲ್ಮಾನರ ಪ್ರಾರ್ಥನೆ ಓದಿಸಿಕೊಂಡರು. ಬಳಿಕ ಅದೇ ಗದ್ದುಗೆಗೆ ಕಾಯಿ ಒಡೆಸಿ, ಹಣೆಗೆ ವಿಭೂತಿ ಹಚ್ಚಿಸಿಕೊಂಡು, ಕೂಸಿನ ಹಣೆಗೂ ಬೆರಳಿನಿಂದ ಒಂದೆಳೆ ಎಳೆದರು. ಓದಿದವರಿಗೂ ಕಾಯಿ ಒಡೆದವರಿಗೂ ಅಷ್ಟಷ್ಟೇ ದಕ್ಷಿಣೆ ಇಟ್ಟರು. ಅಳಿಯ ಅವರ ಪಕ್ಕಕ್ಕೆ ಹೋಗಿ, ಎರಡರಲ್ಲಿ ಯಾವುದು ಮುಖ್ಯವೆಂದು ಕೇಳಿದ. ಅಜ್ಜಿಗೆ ಪ್ರಶ್ನೆ ತಿಳಿಯಲಿಲ್ಲ. ಮತ್ತೆ ಬಿಡಿಸಿ ಕೇಳಿದಾಗ, "ಎರಡೂ ಮಾಡಿಸೂದ ರಿವಾಜು ಐತಿ ಯಪ್ಪಾ, ಒಂದು ಬಿಟ್ರ ಬೇಡಿಕೊಂಡದ್ದು ಅರ್ಧ ಆಕ್ಕೇತಿ" ಎಂದು ಹೇಳಿ ಕೂಸಿಗೆ ಹಾಲು ಕುಡಿಸಲು ತಾಯಿಯನ್ನು ಕರೆದರು.

ಈ ಉತ್ತರವನ್ನು ನಾನು ಬಹಳ ಬೆಲೆಯುಳ್ಳದ್ದೆಂದು ಭಾವಿಸುತ್ತೇನೆ. ಆ ಅಜ್ಜಿ ಸೌಹಾರ್ದಕ್ಕಾಗಿ ಬಂದವರಲ್ಲ, ಮೊಮ್ಮಗನ ಆಯುಷ್ಯಕ್ಕಾಗಿ ಬಂದವರು. ಎರಡು ಮತಗಳನ್ನು ಒಂದು ಮಾಡಬೇಕೆಂಬ ಉದ್ದೇಶ ಅವರಿಗಿಲ್ಲ. ತಮ್ಮ ಬೇಡಿಕೆ ಈಡೇರಬೇಕಾದರೆ ಇನ್ನೊಬ್ಬರ ಬಾಯಿಂದ ಬರುವ ಪ್ರಾರ್ಥನೆಯೂ ಬೇಕೆಂಬ ಅಗತ್ಯವಿದೆ. ಇಂಥ ಅಗತ್ಯ ಇರುವವರೆಗೆ ಈ ಗದ್ದುಗೆ ಒಬ್ಬರ ಸ್ವತ್ತಾಗದು. ಸಂಜೆ ಹುಲಗೂರಿನ ದರ್ಗಾಕ್ಕೆ ಕೈಮುಗಿದು ಹೊರಟಾಗ ಮಳೆ ಹಿಡಿದಿತ್ತು.

ಶುಕ್ರವಾರ: ಸವಣೂರು, ಅಬ್ಬಲೂರು

ಸವಣೂರು ನವಾಬರ ಊರು. ಉತ್ತರಾದಿ ಮಠದ ಸತ್ಯಬೋಧ ತೀರ್ಥರು 1783ರಲ್ಲಿ ಇಲ್ಲಿಯೇ ವೃಂದಾವನಸ್ಥರಾದರು, ನವಾಬರ ಮನೆತನ ಅವರಿಗೆ ಗೌರವದಿಂದ ನಡೆದುಕೊಂಡಿತು. ದೊಡ್ಡಹುಣಸೆ ಮಠದ ಭಾರಿ ಮರಗಳ ಕೆಳಗೆ ನಿಂತು ಅಳಿಯನಿಗೆ ಇದನ್ನೆಲ್ಲ ಹೇಳುತ್ತಿದ್ದಾಗ ಅವನು ತಡೆದು, ಇದೇ ಊರಿನ ಇನ್ನೊಂದು ಸಂಗತಿ ನೆನಪಿಸಿದ. 2010ರಲ್ಲಿ ಇಲ್ಲಿನ ಭಂಗಿ ಸಮುದಾಯದವರು, ಊರಿನ ಮಲ ಹೊತ್ತ ತಮ್ಮನ್ನೇ ಇದ್ದ ಜಾಗದಿಂದ ಎಬ್ಬಿಸಲು ಹೊರಟದ್ದನ್ನು ವಿರೋಧಿಸಿ, ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದರು. ಸ್ವಾಮಿಗಳೂ ನವಾಬರೂ ಪರಸ್ಪರ ಗೌರವಿಸಿದ ಊರಿನಲ್ಲಿ ಶತಮಾನಗಳ ಕಾಲ ಎರಡೂ ಕಡೆಯವರ ಹಿತ್ತಲಿನ ಕೊಳೆ ಹೊತ್ತವರಿಗೆ ಆ ಗೌರವದಲ್ಲಿ ಯಾವ ಪಾಲೂ ಇರಲಿಲ್ಲ. ಮೇಲಿನವರು ಮೇಲಿನವರೊಡನೆ ಕೂಡುವುದನ್ನೇ ನಾವು ಭಾವೈಕ್ಯವೆಂದು ಕರೆದುಬಿಟ್ಟರೆ ಲೆಕ್ಕ ತಪ್ಪುತ್ತದೆಂಬುದನ್ನು ಈ ತಿರುಗಾಟದಲ್ಲಿ ಅವನೇ ನನಗೆ ಗಟ್ಟಿಯಾಗಿ ಹೇಳಿದ.

ಹಾವೇರಿಯಲ್ಲಿ ಬಸ್ಸು ಬದಲಿಸಿ ಹಿರೇಕೆರೂರು ಸೀಮೆಯ ಅಬ್ಬಲೂರು ಮುಟ್ಟುವಾಗ ಮಧ್ಯಾಹ್ನ ಮೀರಿತ್ತು. ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಕಾಲದ ದೊಡ್ಡ ಶಾಸನವಿದೆ. ಆಳಂದದಿಂದ ಹೊರಟ ಏಕಾಂತದ ರಾಮಯ್ಯ ಪುಲಿಗೆರೆಯ ಸೋಮನಾಥನ ಅಪ್ಪಣೆ ಪಡೆದು ಈ ಊರಿಗೆ ಬಂದದ್ದು, ಇಲ್ಲಿಯ ಜೈನರೊಡನೆ ಪಂಥ ಕಟ್ಟಿ ಆ ಪಂಥವನ್ನು ಓಲೆಯ ಮೇಲೆ ಬರೆಸಿಕೊಂಡದ್ದು, ತನ್ನ ತಲೆಯನ್ನೇ ಅರಿದು ಶಿವನಿಗೆ ಒಪ್ಪಿಸಿ ಮರಳಿ ಪಡೆದದ್ದು, ಜೈನರು ಮಾತಿಗೆ ತಪ್ಪಿದಾಗ ಜಿನನ ವಿಗ್ರಹವನ್ನು ಒಡೆದದ್ದು, ದೂರು ಬಿಜ್ಜಳನ ಆಸ್ಥಾನಕ್ಕೆ ಹೋಗಿ ಅರಸ ರಾಮಯ್ಯನಿಗೇ ಜಯಪತ್ರ ಕೊಟ್ಟದ್ದು, ಎಲ್ಲವನ್ನೂ ಆ ಶಾಸನ ಸಂಭ್ರಮದಿಂದ ಹೇಳುತ್ತದೆ. ಅದೇ ಕಥೆಯ ದೃಶ್ಯಗಳನ್ನು ಕಲ್ಲಿನಲ್ಲಿ ಸಾಲಾಗಿ ಕೆತ್ತಿ, ಕೆಳಗೆ ಅಕ್ಷರಗಳನ್ನೂ ಬರೆದಿದ್ದಾರೆ. ಗುಡಿಯೊಳಗೆ ಬೆಳಕು ಕಡಿಮೆಯಿದ್ದುದರಿಂದ ಅಳಿಯ ಮೊಬೈಲಿನ ಬೆಳಕು ಹಿಡಿದು ಆ ಪಟ್ಟಿಕೆಯನ್ನು ತುದಿಯಿಂದ ತುದಿಯವರೆಗೆ ಬಹಳ ಹೊತ್ತು ನೋಡಿದ.

ಶಿವಭಕ್ತನ ಮನೆಯಲ್ಲಿ ಹುಟ್ಟಿದ ನನಗೆ ಚಿಕ್ಕಂದಿನಿಂದ ಇದು ಭಕ್ತಿಯ ಪವಾಡದ ಕಥೆಯಾಗಿಯೇ ಪರಿಚಿತ. ಆ ಕಲ್ಲಿನ ಮುಂದೆ ನಿಂತು ಓದಿದರೆ ಇದೊಂದು ಮೊಕದ್ದಮೆಯ ಕಥೆ: ಪಂಥ, ಬರೆಸಿಕೊಂಡ ಓಲೆ, ಮಾತು ತಪ್ಪಿದ ಪ್ರತಿವಾದಿ, ರಾಜನ ತೀರ್ಪು. ಎಂಟು ಶತಮಾನ ಹಿಂದೆಯೂ ಒಡಕು ಹುಟ್ಟಿದ್ದು ಹೀಗೆಯೇ ಎಂದಮೇಲೆ, ನಮ್ಮ ಸೀಮೆ ಅನಾದಿಯಿಂದ ಸೌಹಾರ್ದದ ತವರು, ಈಗಷ್ಟೇ ಯಾರೋ ಹೊರಗಿನವರು ಕೆಡಿಸಿದರು ಎಂಬ ಮಾತನ್ನು ನಾವು ಬಿಡುವುದು ಒಳ್ಳೆಯದು. ಸೋತವರ ಕಡೆಯ ಮಾತನ್ನು ಹೇಳುವ ಶಾಸನ ಆ ಗುಡಿಯಲ್ಲಿಲ್ಲ. ಸರ್ವಜ್ಞನ ಹೆಸರೂ ಈ ಊರಿಗೆ ತಗುಲಿಕೊಂಡಿದೆಯೆಂಬುದು ಆಗ ನನಗೆ ಸ್ವಲ್ಪ ಸಮಾಧಾನ ಕೊಟ್ಟಿತು.

ಶನಿವಾರ: ಲಕ್ಷ್ಮೇಶ್ವರ, ಶಿರಹಟ್ಟಿ, ಕತ್ತಲ ರಾತ್ರಿ

ರಾಮಯ್ಯನಿಗೆ ಅಪ್ಪಣೆ ಕೊಟ್ಟ ಪುಲಿಗೆರೆಯ ಸೋಮನಾಥನೇ ಇಂದಿನ ಲಕ್ಷ್ಮೇಶ್ವರದ ಸೋಮೇಶ್ವರ. ನಂದಿಯ ಮೇಲೆ ಶಿವಪಾರ್ವತಿಯರು ಕೂತಿರುವ ಆ ಮೂರ್ತಿ ಇಲ್ಲಿಗೆ ಬಂದದ್ದೂ ಒಂದು ಪಂಥದಿಂದಲೇ ಎಂದು ಹರಿಹರ ಕವಿ ಹಾಡಿದ್ದಾನೆ. ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಬಂದ ಆದಯ್ಯ ಜೈನರ ಮಗಳು ಪದ್ಮಾವತಿಯನ್ನು ಪ್ರೀತಿಸಿ ಮದುವೆಯಾದ. ಮಾವನ ಮನೆಯವರೊಡನೆ ಎದ್ದ ಮತದ ಜಗಳದಲ್ಲಿ ಸೋಮನಾಥನನ್ನೇ ತಂದು ಬಸದಿಯಲ್ಲಿ ನಿಲ್ಲಿಸುವೆನೆಂದು ಪಣ ತೊಟ್ಟ. ಮೊನ್ನೆ ಅಳಿಯ ಕೇಳಿದ ಹೆಣ್ಣು ಕೊಟ್ಟು ತರುವ ಪ್ರಶ್ನೆಗೆ ಈ ಊರು ಕೊಡುವ ಉತ್ತರ ಕಟುವಾದದ್ದು: ಮದುವೆಯಿಂದ ಮನೆಗಳು ಕೂಡಿದವು, ಪಣದಿಂದ ಊರೇ ಒಡೆಯಿತು. ಹಾಗಿದ್ದರೂ ಇವತ್ತಿನ ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿ, ಶಂಖ ಬಸದಿ, ಆದಿಲಶಾಹಿ ಕಾಲದ ಜುಮ್ಮಾ ಮಸೀದಿ, ದೂದನಾನಾ ದರ್ಗಾ ಎಲ್ಲವೂ ನಡೆದು ಮುಟ್ಟುವಷ್ಟು ಹತ್ತಿರದಲ್ಲಿವೆ. ಬಸದಿಯೊಳಗೆ ನೂರಾರು ಪುಟ್ಟ ಜಿನಬಿಂಬಗಳನ್ನು ಕೆತ್ತಿದ ಸಹಸ್ರಕೂಟದ ಕಲ್ಲನ್ನು ನೋಡಿ ಅಳಿಯ ಸುಮ್ಮನಾದ.

ಶಿರಹಟ್ಟಿಯ ಫಕೀರೇಶ್ವರ ಮಠದಲ್ಲಿ "ದ್ವೇಷ ಬಿಡು ಪ್ರೀತಿ ಮಾಡು" ಎಂಬುದೇ ಘೋಷವಾಕ್ಯ. ಮಠದ ಮೂಲಪುರುಷರು ವಿಜಯಪುರದ ಖ್ವಾಜಾ ಅಮೀನುದ್ದೀನರ ಆಶ್ರಯದಲ್ಲಿ ಬೆಳೆದವರೆಂಬ ಐತಿಹ್ಯವಿದೆ. ಪೀಠಕ್ಕೆ ಬಂದವರ ಹೆಸರಿನ ಹಿಂದೆ ಫಕೀರ ಎಂಬುದು ಇಂದಿಗೂ ಸೇರುತ್ತದೆ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ, ಯಾಕೆಂದರೆ ಕತ್ತಲಾಗುವ ಮೊದಲು ಗದಗ ರಸ್ತೆಯಲ್ಲಿರುವ ನನ್ನ ಗೆಳೆಯನ ಊರು ಮುಟ್ಟಬೇಕಾಗಿತ್ತು. ಅಂದು ಮೊಹರಂನ ಕತ್ತಲ ರಾತ್ರಿ, ಅಂದರೆ ಕೊನೆಯ ದಿನದ ಹಿಂದಿನ ರಾತ್ರಿ.

ಆ ಊರಿನಲ್ಲಿ ಒಂದೂ ಮುಸಲ್ಮಾನರ ಮನೆಯಿಲ್ಲ. ಅಂಗೈ ಆಕಾರದ ಪಂಜಾ ದೇವರುಗಳನ್ನು ಕೂಡ್ರಿಸುವ ಮಸೂತಿ ಇದೆ. ಹತ್ತು ದಿನ ಓದಲು ಪಕ್ಕದೂರಿನಿಂದ ಮುಲ್ಲಾ ಬರುತ್ತಾರೆ. ಅವರ ಊಟ ಸರದಿಯ ಮೇಲೆ ಒಂದೊಂದು ದಿನ ಒಂದೊಂದು ಮನೆಯದು. ಬೆಂಕಿ ಹಾಕುವ ಅಲಾವಿಯ ಕುಣಿಗೆ ಮೊದಲ ಗುದ್ದಲಿ ಹಾಕುವುದು ಗೌಡರು, ಕಟ್ಟಿಗೆ ತರುವುದು ಕುರುಬರ ಓಣಿಯವರು, ಮೆರವಣಿಗೆಯಲ್ಲಿ ಹೆಗಲ ಮೇಲೆ ಹೊರುವ ಡೋಲಿ ಕಟ್ಟುವುದು ಬಡಿಗೇರರು, ಹೂವಿನ ಜಾಲರಿ ಹೂಗಾರರದು, ಹಲಗಿ ಮಾದರ ಓಣಿಯವರದು. ಹರಕೆ ಹೊತ್ತ ಮಕ್ಕಳು ಕೊರಳಿಗೆ ಕೆಂಪು ಹಸಿರು ಲಾಡಿ ಹಾಕಿಕೊಂಡು ಫಕೀರರಾಗಿದ್ದರು. ಗೆಳೆಯನ ಮನೆಯಲ್ಲಿ ಅವನ ತಾಯಿ ಬೆಲ್ಲದ ಚೊಂಗ್ಯಾ ಮಾಡಿ, ಮೊದಲು ಜಗಲಿಯ ಮೇಲಿನ ಲಿಂಗಕ್ಕೆ ತೋರಿಸಿ, ಆಮೇಲೆ ಬುಟ್ಟಿಯಲ್ಲಿಟ್ಟು ಮಸೂತಿಗೆ ಕಳಿಸಿದರು. ನಡುರಾತ್ರಿಯ ಹೊತ್ತಿಗೆ ಕುಣಿಯ ಸುತ್ತ ಹೆಜ್ಜೆ ಮೇಳ ಸುರುವಾಯಿತು. ಹಸನ್ ಹುಸೇನರ ಪದಗಳನ್ನು ಕನ್ನಡದಲ್ಲಿಯೇ ಹಾಡುತ್ತ, ಕಾಲಿಗೆ ಗೆಜ್ಜೆ ಕಟ್ಟಿದ ಮುದುಕರೂ ಹುಡುಗರೂ ಬಾಗಿ ಎದ್ದು ಸುತ್ತು ಹಾಕಿದರು. ಕರ್ಬಲಾದ ಮರಣಕ್ಕೆ ಈ ಊರಿನ ಮುದುಕಿಯರು ಕಣ್ಣೀರು ಹಾಕುವುದನ್ನು ನಾನು ಕಂಡೆ. ಅಳಿಯ ಕೂಡ ಕಂಡ.

ಆದರೆ ಪಂಜಾಗಳು ಬೆಂಕಿಯ ಸುತ್ತ ಬಂದಾಗ ಅವನ ಕಣ್ಣು ಬೇರೆ ಕಡೆಗಿತ್ತು. "ಹಲಗಿ ಬಾರಸೋರು ಆ ಕಟ್ಟಿ ಹತ್ತಲಿಲ್ಲ ಮಾಮಾ" ಎಂದ. ಅದು ನಿಜವಾಗಿತ್ತು.

ರವಿವಾರ: ಗದಗ, ಮತ್ತೆ ಹಳ್ಳಿ

ಬೆಳಿಗ್ಗೆ ಗದಗಿಗೆ ಹೋಗಿ ಬಂದೆವು. ಈ ನಗರದಲ್ಲಿ ವೀರನಾರಾಯಣ, ತ್ರಿಕೂಟೇಶ್ವರ ಗುಡಿಗಳನ್ನೂ ಜುಮ್ಮಾ ಮಸೀದಿಯನ್ನೂ ನೋಡಿಕೊಳ್ಳುವುದು ಒಂದೇ ಟ್ರಸ್ಟು. ಹೊರಗಿನಿಂದ ಬಂದವರಿಗೆ ಇದು ಆಶ್ಚರ್ಯ, ಇಲ್ಲಿಯವರಿಗೆ ದಿನನಿತ್ಯದ ಆಡಳಿತ. ಆಸ್ತಿ, ಬಾಡಿಗೆ, ದುರಸ್ತಿ ಎಂಬ ಬೇಸರದ ಲೆಕ್ಕಗಳನ್ನು ಎರಡೂ ಕಡೆಯವರು ಒಂದೇ ಮೇಜಿನ ಸುತ್ತ ಕೂತು ನೋಡಬೇಕಾಗುತ್ತದೆ. ಈದ್ಗಾ ಬಯಲಿನಲ್ಲಿ ನಾನು ಕಾಣದೆ ಹೋದದ್ದು ಇದನ್ನೇ. ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳ ಅಭ್ಯಾಸ ನಡೆದಿತ್ತು. ಸ್ವತಃ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ವಹೀದ್ ಖಾನರಿಂದ ಕಲಿತ ಹಿಂದೂಸ್ತಾನಿ ವಿದ್ಯೆಯನ್ನು ಜಾತಿ ಮತ ನೋಡದೆ ಅನಾಥರಿಗೆ ಹಂಚಿದರು, 2010ರಲ್ಲಿ ಅಗಲುವವರೆಗೆ ಪುಟ್ಟರಾಜ ಗವಾಯಿಗಳು ಆ ಕೆಲಸ ನಡೆಸಿದರು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಕಾಲದಿಂದ ಡಂಬಳದ ಜಾತ್ರೆಯಲ್ಲಿ ಎಲ್ಲ ಓಣಿಗಳ ಮನೆಗಳಿಂದ ಬಂದ ಜೋಳದ ರೊಟ್ಟಿಯನ್ನು ಒಂದೆಡೆ ರಾಶಿ ಹಾಕಿ, ಕರಿಂಡಿಯೊಡನೆ ಎಲ್ಲರೂ ಕೂಡಿ ಉಣ್ಣುತ್ತಾರೆ. ಯಾರ ಮನೆಯ ರೊಟ್ಟಿ ಯಾರ ಕೈಗೆ ಬಂತೆಂದು ತಿಳಿಯದ ಆ ಊಟ ಸಿದ್ಧಾರೂಢರ ಪಂಕ್ತಿಗಿಂತ ಒಂದು ಹೆಜ್ಜೆ ಮುಂದಿನದು, ಏಕೆಂದರೆ ಇಲ್ಲಿ ಉಣ್ಣುವವರ ಜೊತೆಗೆ ರೊಟ್ಟಿ ಬಡಿಯುವವರೂ ಎಲ್ಲರೇ.

ಇಷ್ಟಾದರೂ 2022ರಲ್ಲಿ ಸರ್ಕಾರ ಈ ಸ್ವಾಮಿಗಳ ಜನ್ಮದಿನವನ್ನು ಭಾವೈಕ್ಯ ದಿನವೆಂದು ಘೋಷಿಸಿದಾಗ ಅದಕ್ಕೂ ಈ ಭಾಗದಿಂದಲೇ ತಕರಾರು ಎದ್ದಿತ್ತೆಂದು ಅಳಿಯ ಹೇಳಿದ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಕೂಡಿಸುವ ಕೆಲಸಕ್ಕೂ ಒಡೆತನದ ಆಸೆ ಅಂಟಿಕೊಳ್ಳಬಹುದು.

ಸಂಜೆ ಹಳ್ಳಿಗೆ ಮರಳಿದಾಗ ಪಂಜಾಗಳೂ ಡೋಲಿಯೂ ಹಳ್ಳಕ್ಕೆ ಹೋಗಿ ಬಂದಿದ್ದವು. ಮಸೂತಿಯ ಮುಂದಿನ ಕಟ್ಟೆಯ ಮೇಲೆ ಹಿರಿಯರು ಪಟ್ಟಿಯ ಲೆಕ್ಕಕ್ಕೆ ಕೂತಿದ್ದರು. ಕಟ್ಟಿಗೆ, ಹೂವು, ಬಣ್ಣದ ಕಾಗದ, ಮುಲ್ಲಾನ ದಕ್ಷಿಣೆ ಎಲ್ಲ ಓದಿ ಮುಗಿದು, ಹಲಗಿಯವರ ಪಾಲಿಗೆ ಬಂದಾಗ ಅವರಲ್ಲಿ ಹಿರಿಯರೊಬ್ಬರು ಹಣ ಮುಟ್ಟಲಿಲ್ಲ. "ಗೌಡ್ರ, ರೊಕ್ಕ ಆಮ್ಯಾಲೆ. ಬರೂ ವರ್ಸ ನಮ್ಮ ಹುಡುಗ್ರು ಡೋಲಿಗೆ ಹೆಗಲು ಕೊಡೂದು ಹ್ಯಾಂಗ, ಅದನ್ನ ಮೊದಲ ಹೇಳ್ರಿ" ಎಂದರು. ಕಟ್ಟೆಯ ಮೇಲೆ ಗುಜುಗುಜು ಎದ್ದಿತು. ಹಿಂದಿನಿಂದ ನಡೆದು ಬಂದದ್ದನ್ನು ಕೆಡಿಸಬಾರದೆಂದು ಒಬ್ಬರು, ಹಲಗಿ ಬೇಕು ಹೆಗಲು ಬೇಡ ಎಂದರೆ ಹೇಗೆಂದು ಇನ್ನೊಬ್ಬರು. ಮುಲ್ಲಾ ಅವರನ್ನು ಕೇಳಿದಾಗ, ತಮ್ಮ ಊರಿನಲ್ಲಿ ಯಾರು ಬೇಕಾದರೂ ಹೊರುತ್ತಾರೆ, ಇಲ್ಲಿಯ ರಿವಾಜು ನಿಮ್ಮದು, ನನ್ನದಲ್ಲ ಎಂದರು. ಅಳಿಯ ಏನನ್ನೋ ಹೇಳಲು ಎದ್ದ. ನಾನು ಅವನ ಕೈ ಹಿಡಿದು ಕೂಡ್ರಿಸಿದೆ, ಆ ಮಾತು ಹೇಳಬೇಕಾದವರು ಆಗಲೇ ಹೇಳಿದ್ದರು. ದೀಪ ಹಚ್ಚುವ ಹೊತ್ತು ಮೀರಿದ ಮೇಲೆ ಗೌಡರು ಲೆಕ್ಕದ ವಹಿಯನ್ನು ಕರಣಿಕ ಕೆಲಸ ಮಾಡುತ್ತಿದ್ದ ಹುಡುಗನ ಮುಂದೆ ಸರಿಸಿ, ಬರುವ ಮೊಹರಂನಲ್ಲಿ ಡೋಲಿಯ ಒಂದು ಕೊಂಬು ಮಾದರ ಓಣಿಯವರದು ಎಂದು ಬರೆಸಿದರು. ಹಲಗಿಯ ಹಿರಿಯರು ಆ ಸಾಲನ್ನು ಗಟ್ಟಿಯಾಗಿ ಓದಿಸಿದರು, ಕೆಳಗೆ ಇಬ್ಬರ ಸಹಿ ಹಾಕಿಸಿದರು, ಆಮೇಲೆ ತಮ್ಮ ಪಾಲಿನ ಹಣ ಎಣಿಸಿಕೊಂಡರು.